ಗುಲಾಬಿಯ ಆರೈಕೆ: ಅವಳಿ ನಗರದ ಮಣ್ಣು ಮತ್ತು ಮಳೆ

ನಮ್ಮ ಶಾಲೆಯ ಪ್ರಾರ್ಥನಾ ಮಂದಿರದ ಮುಂದಿರುವ ಗುಲಾಬಿ ತೋಟವನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ ನನಗೆ ಮೊದಲು ಸಂಕೋಚವೇ ಆಯಿತು. ಆ ತೋಟದ ಮೊದಲ ಅಧ್ಯಾಯವು ಈ ಲೇಖಕನ ಸೋಲಿನ ಅಧ್ಯಾಯವೆಂಬುದು ಹಳಬರಾದ ಶಿಕ್ಷಕ ಬಂಧುಗಳಿಗೆಲ್ಲ ತಿಳಿದ ಸಂಗತಿ. ಆದರೂ ಗುಲಾಬಿಯ ವಿಷಯದಲ್ಲಿ ನಾನು ಕಲಿತದ್ದೆಲ್ಲ ಆ ಸೋಲಿನಿಂದಲೇ ಕಲಿತದ್ದಾದುದರಿಂದ ಅಲ್ಲಿಂದಲೇ ಆರಂಭಿಸುವುದು ಉಚಿತವೆಂದು ತೋರುತ್ತದೆ.

ಹಲವು ವರ್ಷಗಳ ಹಿಂದೆ, ಜೂನ್ ತಿಂಗಳ ಮೊದಲ ವಾರದಲ್ಲಿ, ಹಳೆಯ ವಿದ್ಯಾರ್ಥಿಗಳ ಒಂದು ತಂಡದವರು ತಮ್ಮ ಗುರುಗಳ ನೆನಪಿಗೆಂದು 60 ಕಸಿ ಗುಲಾಬಿ ಸಸಿಗಳನ್ನು ಶಾಲೆಗೆ ದಾನವಾಗಿ ತಂದುಕೊಟ್ಟರು. ಸಮಾರಂಭವೂ ಆಯಿತು. ಒಂದೊಂದು ಸಸಿಯ ಬುಡದಲ್ಲಿ ಒಬ್ಬೊಬ್ಬ ದಾನಿಯ ಹೆಸರು ಬರೆದ ತಗಡಿನ ಪಟ್ಟಿಯನ್ನು ನೆಡಲಾಯಿತು. ವಿಜ್ಞಾನದ ಶಿಕ್ಷಕನೆಂಬ ಕಾರಣಕ್ಕಾಗಿ ಅವುಗಳ ಪಾಲನೆಯ ಹೊಣೆಯು ನನ್ನ ಪಾಲಿಗೆ ಬಂದಿತು. ಪುಸ್ತಕದಲ್ಲಿ ಹೇಳಿದಂತೆ ಎರಡಡಿ ಆಳ, ಎರಡಡಿ ಅಗಲದ ತಗ್ಗುಗಳನ್ನು ತೋಡಿಸಿದ್ದೆ, ಗೊಬ್ಬರ ತುಂಬಿಸಿದ್ದೆ, ಮಳೆ ಬಾರದ ದಿನ ತಪ್ಪದೆ ನೀರು ಹಾಕಿಸಿದ್ದೆ. ದೀಪಾವಳಿಯ ಹೊತ್ತಿಗೆ ಉಳಿದವು 19 ಗಿಡಗಳು. ಹೆಸರಿನ ಪಟ್ಟಿಗಳು ಮಾತ್ರ 60 ಇದ್ದವು.

ರಜೆಗೆಂದು ಊರಿಗೆ ಬಂದಿದ್ದ ದಾನಿಗಳಲ್ಲೊಬ್ಬರು ಮಕ್ಕಳನ್ನು ಕರೆದುಕೊಂಡು ಶಾಲೆಗೆ ಬಂದು, “ಸರ್, ನಮ್ಮ ಗಿಡ ಯಾವ್ದರಿ?” ಎಂದು ಕೇಳಿದರು. ನಾನು ಉತ್ತರಿಸಲಾರದೆ ಹವೆಯ ಮೇಲೆ, ರೋಗದ ಮೇಲೆ ತಪ್ಪು ಹೊರಿಸಿದೆನು. ಅವರು ಹೋದ ಬಳಿಕ, ಅಕ್ಷರ ಬಾರದ ನಮ್ಮ ಮುದುಕ ಮಾಲಿ ಒಂದು ಸತ್ತ ಗಿಡವನ್ನು ಕಿತ್ತು ನನ್ನ ಮುಂದೆ ಹಿಡಿದ. ಬೇರುಗಳು ಕಪ್ಪಾಗಿ, ಹಿಸುಕಿದರೆ ಸಿಪ್ಪೆ ಕಳಚಿ ಬರುತ್ತಿದ್ದವು. ಕೊಳೆತ ನೀರಿನ ನಾತ ಬರುತ್ತಿತ್ತು. “ರೋಗ ಅಲ್ರಿ ಸರ. ಇವು ನೀರಾಗ ಮುಳುಗಿ ಸತ್ತಾವ್ರಿ” ಎಂದ. ನಾನು ಓದಿದ ಪುಸ್ತಕದಲ್ಲಿ ಈ ಮಾತು ಇರಲಿಲ್ಲ.

ಎರಡು ಮಣ್ಣು

ಹುಬ್ಬಳ್ಳಿ ಧಾರವಾಡಗಳ ನಡುವಿನ ಅಂತರವು ಸುಮಾರು 20 ಕಿಲೋಮೀಟರು ಮಾತ್ರ. ಆದರೆ ಈ ಅಲ್ಪ ಅಂತರದಲ್ಲಿ ಎರಡು ಬಗೆಯ ನೆಲಗಳು ಒಂದನ್ನೊಂದು ಸಂಧಿಸುತ್ತವೆ. ಪಶ್ಚಿಮದಲ್ಲಿ ಅಳ್ನಾವರ, ಕಲಘಟಗಿಗಳ ಕಡೆಯಿಂದ ಮಲೆನಾಡಿನ ಸೆರಗು ಧಾರವಾಡದವರೆಗೆ ಚಾಚಿಕೊಂಡಿದೆ. ಅಲ್ಲಿ ಕೆಂಪು ಮಸಾರಿ ಮಣ್ಣು. ಪೂರ್ವದಲ್ಲಿ ನವಲಗುಂದ, ಅಣ್ಣಿಗೇರಿಗಳ ಬೆಳವಲ ಸೀಮೆಯು ಹುಬ್ಬಳ್ಳಿಯ ಬಾಗಿಲಿಗೇ ಬಂದು ನಿಂತಿದೆ, ಅಲ್ಲಿ ಎರೆಮಣ್ಣು. ಹೀಗಾಗಿ ಧಾರವಾಡದಲ್ಲಿರುವ ಅಣ್ಣನ ಅಂಗಳದಲ್ಲಿ ಹುಲುಸಾಗಿ ಬೆಳೆದ ಗುಲಾಬಿಯು ಹುಬ್ಬಳ್ಳಿಯಲ್ಲಿರುವ ತಮ್ಮನ ಅಂಗಳದಲ್ಲಿ, ಅದೇ ಆರೈಕೆ ದೊರೆತರೂ, ಸಾಯುವುದುಂಟು. ಕೈಗುಣವೆಂದು ಜನ ಆಡಿಕೊಳ್ಳುತ್ತಾರೆ. ಕೈಯದಲ್ಲ, ಮಣ್ಣಿನ ಗುಣ.

ಎರೆಮಣ್ಣಿನ ಗುಣವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯ. ಇದರಲ್ಲಿರುವ ಜೇಡಿಯ ಕಣಗಳು ಅತಿ ಸೂಕ್ಷ್ಮವಾದವು. ನೀರನ್ನು ಹೀರಿಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಬೆಳವಲದ ಹೊಲಗಳು ಕೈ ತೂರುವಷ್ಟು ಬಿರುಕು ಬಿಡುವುದು ಈ ಕಾರಣದಿಂದಲೇ. ಮಳೆ ಹಿಡಿದಾಗ ಬಿರುಕುಗಳು ಮುಚ್ಚಿ, ಕಣಗಳ ನಡುವಿನ ಗಾಳಿಯ ಮಾರ್ಗವೂ ಮುಚ್ಚಿಹೋಗುತ್ತದೆ. ಜೋಳಕ್ಕೂ ಕಡಲೆಗೂ ಹತ್ತಿಗೂ ಇದು ವರವಾದ ಮಣ್ಣು. ಹಿಂಗಾರಿಯಲ್ಲಿ ಮಳೆಯಿಲ್ಲದೆ ಕೂಡಿಟ್ಟ ತೇವದ ಮೇಲೆಯೇ ಬೆಳೆ ಬರುತ್ತದೆ. ಆದರೆ ಗುಲಾಬಿಯ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ನೀರು ನಿಂತ ನೆಲದಲ್ಲಿ ಬೇರು ಉಸಿರಾಡಲಾರದು. ಉಸಿರಾಡದ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದಾದುದರಿಂದ ಎಲೆಗಳು ಬಾಡುತ್ತವೆ. ಬಾಡಿದ ಎಲೆಯನ್ನು ಕಂಡು ನಾವು ಮತ್ತೊಂದು ಕೊಡ ನೀರು ಹೊಯ್ಯುತ್ತೇವೆ!

ಪಾರಸಿಯಲ್ಲಿ ‘ಗುಲ್’ ಎಂದರೆ ಹೂ, ‘ಆಬ್’ ಎಂದರೆ ನೀರು. ಪನ್ನೀರಿನಿಂದಾಗಿ ಬಂದ ಹೆಸರು ಗುಲಾಬಿ. ಹೆಸರಿನಲ್ಲಿಯೇ ನೀರಿರುವ ಈ ಗಿಡವು ನಮ್ಮಲ್ಲಿ ನೀರಿನಿಂದಲೇ ಹೆಚ್ಚಾಗಿ ಸಾಯುತ್ತಿರುವುದು ಒಂದು ವಿಪರ್ಯಾಸ.

ನಾನು ಮಾಡಿದ ತಪ್ಪು ಇದೀಗ ವಾಚಕರಿಗೆ ಸ್ಪಷ್ಟವಾಗಿರಬಹುದು. ಗಟ್ಟಿಯಾದ ಎರೆನೆಲದಲ್ಲಿ ತಗ್ಗು ತೋಡಿ ಅದರಲ್ಲಿ ಸಡಿಲವಾದ ಮಣ್ಣು ಗೊಬ್ಬರಗಳನ್ನು ತುಂಬಿದರೆ, ಸುತ್ತಲಿನ ಮಳೆನೀರೆಲ್ಲ ಆ ಸಡಿಲ ಜಾಗಕ್ಕೆ ಇಳಿದು ಬರುತ್ತದೆ, ಹೊರಹೋಗಲು ದಾರಿಯಿಲ್ಲ. ಹೀಗೆ ನಾನು 60 ಸಣ್ಣ ಬಾವಿಗಳನ್ನು ತೋಡಿಸಿ ಒಂದೊಂದರಲ್ಲಿ ಒಂದೊಂದು ಗಿಡವನ್ನು ನಿಲ್ಲಿಸಿದಂತಾಗಿತ್ತು. ತಗ್ಗಿನ ತಳಕ್ಕೆ ಕಲ್ಲುಹರಳು ಹಾಕಿದರೆ ಸಾಕೆಂದು ಹೇಳುವವರಿದ್ದಾರೆ. ನೀರು ಹೊರಗೆ ಹೋಗಲು ಹಾದಿಯೇ ಇಲ್ಲದಿರುವಾಗ ಕಲ್ಲುಗಳ ನಡುವೆಯೂ ಅದು ನಿಂತೇ ಇರುತ್ತದೆ.

ಗಿಡ ನೆಡುವ ಮೊದಲು ಪ್ರತಿಯೊಬ್ಬರೂ ಮಾಡಬಹುದಾದ ಒಂದು ಸರಳ ಪರೀಕ್ಷೆಯುಂಟು. ಒಂದೂವರೆ ಅಡಿ ಆಳದ ತಗ್ಗು ತೋಡಿ, ಸಂಜೆ ಅದರ ತುಂಬ ನೀರು ತುಂಬಿಸಿರಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ ರಾತ್ರಿ ಹಾಗೆಯೇ ಬಿಡಿರಿ. ಬೆಳಿಗ್ಗೆ ನೀರು ಪೂರ್ತಿ ಇಂಗಿದ್ದರೆ ಅಲ್ಲಿಯೇ ನೆಡಬಹುದು. ಇನ್ನೂ ನಿಂತಿದ್ದರೆ ಆ ತಗ್ಗನ್ನು ಮುಚ್ಚಿ, ನೆಲದ ಮೇಲೆ ಮಡಿ ಕಟ್ಟತಕ್ಕದ್ದು. ನಮ್ಮ ಶಾಲೆಯ ಆವರಣದಲ್ಲಿ ಎರಡನೆಯ ಬಾರಿ ಈ ಪರೀಕ್ಷೆ ಮಾಡಿದಾಗ ನೀರು ಮೂರನೆಯ ದಿನವೂ ಇತ್ತು. ಅದರಲ್ಲಿ ಒಂದು ಕಪ್ಪೆಯೂ ಇತ್ತು.

ಮಡಿಯು ನೆಲದಿಂದ ಒಂದರಿಂದ ಒಂದೂವರೆ ಅಡಿ ಎತ್ತರವಾಗಿರಬೇಕು. ಸುತ್ತಲೂ ಇಟ್ಟಿಗೆ ಅಥವಾ ಕಲ್ಲು ಜೋಡಿಸಿ, ನಡುನಡುವೆ ನೀರು ಹೊರಬರಲು ಸಂದು ಬಿಡಬೇಕು. ಒಳಗೆ ತುಂಬಲು ಎರಡು ಪಾಲು ಕೆಂಪು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಉಸುಕು ಅಥವಾ ಸಣ್ಣ ಗರಸು. ಧಾರವಾಡದ ಮಸಾರಿ ನೆಲದವರಿಗೆ ಇಷ್ಟು ಶ್ರಮವಿಲ್ಲ. ತಗ್ಗು ತೋಡಿ ನೆಟ್ಟರೆ ಸಾಕು. ಅವರ ತೊಂದರೆಯು ಬೇರೆ: ಆ ಮಣ್ಣು ಬೇಗನೆ ಒಣಗುತ್ತದೆ, ಗೊಬ್ಬರದ ಸಾರವು ಮಳೆಯೊಂದಿಗೆ ಬಸಿದುಹೋಗುತ್ತದೆ.

ಎರೆಮಣ್ಣಿನ ಇನ್ನೊಂದು ದೋಷವೆಂದರೆ ಅದರಲ್ಲಿರುವ ಸುಣ್ಣದ ಅಂಶ. ಹುಬ್ಬಳ್ಳಿಯ ಕಡೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು ಅಥವಾ ಸವಳು. ಇವೆರಡೂ ಕೂಡಿದಲ್ಲಿ ಗಿಡದ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದು ರೋಗವಲ್ಲ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣದ ಕಾರಣ ಅದು ಬೇರಿಗೆ ದಕ್ಕುತ್ತಿಲ್ಲವೆಂಬುದರ ಸೂಚನೆ. ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ, ಅದಕ್ಕೆ ಅರ್ಧ ಲಿಂಬೆಹಣ್ಣಿನ ರಸ ಸೇರಿಸಿ ಎಲೆಗಳ ಮೇಲೆ ಹತ್ತು ದಿನಕ್ಕೊಮ್ಮೆ ಎರಡು ಮೂರು ಬಾರಿ ಸಿಂಪಡಿಸಿದರೆ ಹಸಿರು ಮರಳುವುದನ್ನು ಕಾಣಬಹುದು. ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟು ಹಾಕುವವರಿಗೆ ಈ ತೊಂದರೆಯು ಕಡಿಮೆ.

ಸಸಿಯ ಆಯ್ಕೆ

ಇಂದು ನಾವು ಅಂಗಡಿಯಿಂದ ತರುವ ದೊಡ್ಡ ಹೂವಿನ ಗುಲಾಬಿಗಳಲ್ಲಿ ಬಹುಪಾಲು ‘ಹೈಬ್ರಿಡ್ ಟೀ’ ವರ್ಗಕ್ಕೆ ಸೇರಿದವು. ಈ ವರ್ಗದ ಮೊದಲನೆಯ ಗಿಡವೆಂದು ಹೇಳಲಾಗುವ ‘ಲಾ ಫ್ರಾನ್ಸ್’ 1867ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತು. ತಣ್ಣನೆಯ ದೇಶದಲ್ಲಿ ಹುಟ್ಟಿದ ಈ ಕುಲವನ್ನು ನಮ್ಮ ಬಿಸಿಲಿಗೆ ಒಗ್ಗಿಸಲು ಶ್ರಮಿಸಿದವರಲ್ಲಿ ಡಾ. ಬಿ. ಪಿ. ಪಾಲ್ (1906–1989) ಅವರ ಹೆಸರು ಪ್ರಮುಖವಾದುದು. ಗೋದಿಯ ತಳಿ ಸಂಶೋಧನೆಯಿಂದ ದೇಶಕ್ಕೆ ಅನ್ನವಿತ್ತ ಈ ವಿಜ್ಞಾನಿಯು ಬಿಡುವಿನ ವೇಳೆಯನ್ನೆಲ್ಲ ಗುಲಾಬಿಗೆ ಮುಡಿಪಾಗಿಟ್ಟು, ಅನೇಕ ಹೊಸ ತಳಿಗಳನ್ನು ಸೃಷ್ಟಿಸಿ, ಭಾರತದ ಗುಲಾಬಿಗಳನ್ನು ಕುರಿತು ಗ್ರಂಥವನ್ನೂ ರಚಿಸಿದರು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದಲೂ ‘ಅರ್ಕಾ’ ಎಂಬ ಹೆಸರಿನ ಗುಲಾಬಿ ತಳಿಗಳು ಬಂದಿವೆ.

ಆದರೆ ಮನೆಯ ಅಂಗಳಕ್ಕೆ ಮೊದಲ ಗಿಡ ಯಾವುದೆಂದು ಕೇಳಿದರೆ ನಾನು ಹಳೆಯ ನಾಟಿ ಗುಲಾಬಿಯನ್ನೇ ಹೇಳುತ್ತೇನೆ. ನಮ್ಮ ಅಜ್ಜಿಯಂದಿರು ಹಿತ್ತಿಲಲ್ಲಿ ಟೊಂಗೆ ಮುರಿದು ನೆಟ್ಟು ಬೆಳೆಸಿದ ಗುಲಾಬಿ ಬಣ್ಣದ, ಸುವಾಸನೆಯ ಹೂವದು. ಪ್ರದರ್ಶನದಲ್ಲಿ ಬಹುಮಾನ ಗಳಿಸಲಾರದು; ಆದರೆ ತನ್ನ ಬೇರಿನ ಮೇಲೆ ತಾನೇ ನಿಂತಿರುತ್ತದೆ.

ಕಸಿ ಗಿಡದಲ್ಲಿ ಹಾಗಲ್ಲ. ಬೇರು ಒಂದು ಕಾಡು ಜಾತಿಯದು, ಮೇಲಿನ ಗಿಡ ಇನ್ನೊಂದು. ಕಸಿಯ ಗಂಟಿನ ಕೆಳಗಿನಿಂದ ಹೊರಡುವ ಚಿಗುರು ಬೇರಿನ ಜಾತಿಯದಾದುದರಿಂದ ಅದನ್ನು ಬೆಳೆಯಗೊಟ್ಟರೆ ಸಾರವನ್ನೆಲ್ಲ ಹೀರಿ, ಎರಡು ವರ್ಷಗಳಲ್ಲಿ ಮೇಲಿನ ಗಿಡವನ್ನು ಕೊಲ್ಲುತ್ತದೆ. “ಕೆಂಪು ಗುಲಾಬಿ ತಂದಿದ್ದೆವು, ಈಗ ಸಣ್ಣ ಬಿಳಿ ಹೂ ಬಿಡುತ್ತದೆ” ಎನ್ನುವವರ ಮನೆಯಲ್ಲಿ ನಡೆದಿರುವುದು ಇದೇ. ಏಳು ಎಲೆಯ ಟೊಂಗೆ ಕಾಡು, ಐದು ಎಲೆಯದು ನಾಡು ಎಂಬ ಲೆಕ್ಕವನ್ನು ಪೂರ್ತಿ ನಂಬಬಾರದು. ಒಳ್ಳೆಯ ತಳಿಗಳಲ್ಲಿಯೂ ಏಳು ಎಲೆಗಳಿರುವುದುಂಟು. ಮಣ್ಣು ಕೆದರಿ, ಚಿಗುರು ಗಂಟಿನ ಕೆಳಗಿನಿಂದ ಬಂದಿದೆಯೇ ಎಂದು ನೋಡಿ, ಕತ್ತರಿಸದೆ ಬುಡಸಹಿತ ಕೈಯಿಂದ ಸೀಳಿ ತೆಗೆಯಬೇಕು. ಕತ್ತರಿಸಿದರೆ ಒಂದರ ಬದಲು ನಾಲ್ಕು ಹೊರಡುತ್ತವೆ.

1947ರಲ್ಲಿ ಆರಂಭವಾದ ಧಾರವಾಡದ ಕೃಷಿ ಕಾಲೇಜು 1986ರಲ್ಲಿ ಕೃಷಿ ವಿಶ್ವವಿದ್ಯಾಲಯದ ಅಂಗವಾಯಿತು. ಆ ವಿಶ್ವವಿದ್ಯಾಲಯದ ಕೃಷಿಮೇಳವು ಸಾಮಾನ್ಯವಾಗಿ ಮಳೆಗಾಲದ ಕೊನೆಗೆ ನಡೆಯುತ್ತದೆ. ಮೇಳದಿಂದ ಮರಳುವ ಬಸ್ಸುಗಳಲ್ಲಿ ಮಡಿಲಲ್ಲಿ ಗುಲಾಬಿ ಸಸಿ ಹಿಡಿದು ಕುಳಿತವರನ್ನು ನೋಡುವುದೇ ಒಂದು ಸಂತೋಷ. ಅವರಿಗೆ ಒಂದು ಸೂಚನೆ: ಎಲ್ಲಿಂದ ತಂದರೂ ಸಸಿಯ ಚೀಲದೊಳಗಿನ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿರಿ. ದೂರದಿಂದ ಸಾಗಿಸಿ ತರುವ ಸಸಿಗಳ ಬೇರಿನ ಸುತ್ತ ಗಟ್ಟಿ ಕೆಂಪುಜೇಡಿಯ ಉಂಡೆಯಿರುತ್ತದೆ. ಆ ಉಂಡೆಯನ್ನು ಹಾಗೆಯೇ ನೆಟ್ಟರೆ ಸುತ್ತಲಿನ ಮಣ್ಣು ಹಸಿಯಾಗಿದ್ದರೂ ಒಳಗೆ ನೀರು ಇಳಿಯುವುದಿಲ್ಲ. ಬಕೆಟ್ಟಿನ ನೀರಿನಲ್ಲಿ ಅರ್ಧ ತಾಸು ಇಟ್ಟು, ಹೊರಗಿನ ಜೇಡಿಯನ್ನು ಬೇರು ಹರಿಯದಂತೆ ಸಡಿಲಿಸಿ ನೆಡಬೇಕು. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ ಅಂತರವಿರಲಿ. ಕಸಿಯ ಗಂಟು ನೆಲದಿಂದ ಎರಡು ಬೆರಳು ಮೇಲಿರಲಿ. ದಿನಕ್ಕೆ ಆರು ತಾಸು ಬಿಸಿಲು, ಅದರಲ್ಲಿಯೂ ಬೆಳಗಿನ ಬಿಸಿಲು ಬೀಳುವಂತಿರಲಿ. ನೆಡಲು ಜೂನ್ ತಿಂಗಳಿಗಿಂತ ಸಪ್ಟೆಂಬರ್ ಅಕ್ಟೋಬರ್ ಕಾಲವು ನಮ್ಮಲ್ಲಿ ಶ್ರೇಯಸ್ಕರ. ಎಳೆಯ ಗಿಡವು ನಾಲ್ಕು ತಿಂಗಳ ಮಳೆಯನ್ನು ಮೊದಲ ದಿನದಿಂದಲೇ ಎದುರಿಸುವ ಕಷ್ಟ ತಪ್ಪುತ್ತದೆ.

ನಳ ಬಂದ ದಿನ

ಅವಳಿ ನಗರದ ನೀರಿನ ಕಥೆಯನ್ನು ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಮಲಪ್ರಭೆಯ ನೀರು ಎಷ್ಟೋ ಓಣಿಗಳಿಗೆ ವಾರಕ್ಕೊಮ್ಮೆ ಬರುತ್ತಿದ್ದ ಕಾಲವನ್ನು ಎಲ್ಲರೂ ಕಂಡವರೇ. ನಳ ಬಂದ ದಿನ ಮನೆಯ ಪಾತ್ರೆಪಡಗಗಳೆಲ್ಲ ತುಂಬಿದ ನಂತರ ಪೈಪನ್ನು ಗುಲಾಬಿಯ ಬುಡಕ್ಕೆ ಬಿಟ್ಟು ಮಲಗುವ ರೂಢಿಯು ನಮ್ಮಲ್ಲಿ ಬೆಳೆದುಬಂದಿದೆ. ನೀರು ಎಂದು ಬಂದರೂ ಗಿಡಕ್ಕೆ ಅದರ ಅಗತ್ಯವಿದೆಯೇ ಎಂಬುದನ್ನು ಬೆರಳೇ ನಿರ್ಧರಿಸಬೇಕು. ಬುಡದ ಮಣ್ಣಿನಲ್ಲಿ ಎರಡು ಅಂಗುಲ ಬೆರಳು ತೂರಿಸಿದಾಗ ತೇವ ತಗುಲಿದರೆ ಆ ದಿನ ನೀರು ಬೇಡ. ತಗುಲದಿದ್ದರೆ ಒಂದು ಬಕೆಟ್ಟು ನೀರನ್ನು ನಿಧಾನವಾಗಿ, ಬೇರಿನ ಆಳಕ್ಕೆ ಇಳಿಯುವಂತೆ ಕೊಡಬೇಕು. ದಿನವೂ ಒಂದೊಂದು ಚೆಂಬು ಚಿಮುಕಿಸುವುದರಿಂದ ಬೇರು ಮೇಲ್ಗಡೆಯೇ ಹರಡಿ ಬೇಸಿಗೆಯಲ್ಲಿ ಬೇಯುತ್ತದೆ. ಮಾರ್ಚ್ ತಿಂಗಳಿನಿಂದ ಬುಡಕ್ಕೆ ಒಣ ಎಲೆ, ಶೇಂಗಾ ಸಿಪ್ಪೆ ಅಥವಾ ಕಬ್ಬಿನ ರವದಿಯ ಹೊದಿಕೆ ಹಾಕಿದರೆ ಅರ್ಧದಷ್ಟು ಚಿಂತೆ ಕಡಿಮೆಯಾಗುವುದು. ಆದರೆ ಹೊದಿಕೆಯು ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು ಹಾಕಬೇಕು. ಇಲ್ಲವಾದರೆ ಗೆದ್ದಲು ಹತ್ತುವುದು.

ಸಂಜೆಯ ಮೇಲೆ ಎಲೆಗಳನ್ನು ತೋಯಿಸುವುದು ಮಾತ್ರ ಸರ್ವಥಾ ವರ್ಜ್ಯ. ಅದರ ಕಾರಣವನ್ನು ರೋಗಗಳ ಪ್ರಕರಣದಲ್ಲಿ ಹೇಳುವೆ.

ಚಿತ್ತಾ ಮಳೆಯ ಕತ್ತರಿ

ವರ್ಷದ ಆರೈಕೆಯಲ್ಲಿ ಅತಿ ಮುಖ್ಯವಾದ ದಿನ ಯಾವುದೆಂದರೆ ಗಿಡವನ್ನು ಸವರುವ ದಿನ. ವಿಜಯಪುರದ ದ್ರಾಕ್ಷಿ ಬೆಳೆಗಾರರು ‘ಚಾಟ್ನಿ’ ಎಂದು ಕರೆಯುವ ಕ್ರಿಯೆಯೇ ಇದು. ಅವರ ದೊಡ್ಡ ಚಾಟ್ನಿಯೂ ನಮ್ಮ ಗುಲಾಬಿಯ ಸವರಿಕೆಯೂ ಒಂದೇ ತಿಂಗಳಿನಲ್ಲಿ ಬರುತ್ತವೆ. ಹಸ್ತಾ ಮಳೆ ಮುಗಿದು ಚಿತ್ತಾ ನಕ್ಷತ್ರ ಹುಟ್ಟುವ ಅಕ್ಟೋಬರ್ 10ರ ಸುಮಾರಿನಿಂದ ತಿಂಗಳ ಕೊನೆಯವರೆಗೆ ಇದಕ್ಕೆ ಯೋಗ್ಯ ಕಾಲ. ಬನ್ನಿ ಮುಡಿದ ಮರುವಾರವೆಂದು ಕೆಲವರು ಲೆಕ್ಕ ಹಿಡಿಯುವರು. ದಸರೆಯು ಸಪ್ಟೆಂಬರಿನಲ್ಲಿಯೇ ಬಂದ ವರ್ಷ ಈ ಲೆಕ್ಕ ತಪ್ಪುತ್ತದೆ. ಕತ್ತರಿಸಿದ ಗಾಯಗಳ ಮೇಲೆ ಮಳೆ ಬಿದ್ದು ಟೊಂಗೆಗಳು ಕಪ್ಪಾಗುತ್ತವೆ.

ಸವರುವ ಒಂದು ವಾರ ಮೊದಲು ನೀರನ್ನು ಕಡಿಮೆ ಮಾಡಬೇಕು. ಹರಿತವಾದ ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರೆಸಿಕೊಂಡು, ಮೊದಲಿಗೆ ಸತ್ತ, ರೋಗ ಹತ್ತಿದ, ಸೊರಗಿದ ಟೊಂಗೆಗಳನ್ನು ಬುಡದವರೆಗೆ ತೆಗೆಯಬೇಕು. ಒಳಮುಖವಾಗಿ ಬೆಳೆದು ಒಂದಕ್ಕೊಂದು ತಿಕ್ಕುವ ಟೊಂಗೆಗಳೂ ಹೋಗಬೇಕು. ಉಳಿದ ಮೂರರಿಂದ ಐದು ಬಲವಾದ ಕಾಂಡಗಳನ್ನು ಅರ್ಧ ಎತ್ತರಕ್ಕೆ, ಹೊರಮುಖವಾಗಿರುವ ಕಣ್ಣಿನಿಂದ ಕಾಲು ಅಂಗುಲ ಮೇಲೆ, ಓರೆಯಾಗಿ ಕತ್ತರಿಸಬೇಕು. ಗಿಡದ ನಡುವೆ ಬಟ್ಟಲಿನಂತೆ ತೆರವಾಗಿ ಗಾಳಿ ಬೆಳಕು ಆಡುವಂತಾಗಬೇಕು. ಸವರಿದ ಆರೇಳು ವಾರಗಳಲ್ಲಿ, ಎಂದರೆ ಡಿಸೆಂಬರದ ಮೊದಲ ಪಾದದಲ್ಲಿ, ವರ್ಷದ ಅತ್ಯುತ್ತಮ ಹೂಗಳು ಬರುತ್ತವೆ. ಅವು ಬಾಡುತ್ತಲೇ ಎರಡು ಎಲೆಗಳೊಡನೆ ಕೊಯ್ದರೆ ಜನವರಿ 26ರ ಧ್ವಜವಂದನೆಯ ಸುಮಾರಿಗೆ ಎರಡನೆಯ ಸುತ್ತು ಸಿದ್ಧವಾಗಿರುತ್ತದೆ.

ಬಹಳ ಮಂದಿ, ವಿಶೇಷವಾಗಿ ಮನೆಯ ಹಿರಿಯ ತಾಯಂದಿರು, ಹಸಿರು ಗಿಡವನ್ನು ಕತ್ತರಿಸಲು ಮನಸ್ಸು ಮಾಡುವುದಿಲ್ಲ. “ಹೂ ಬಿಡೋ ಗಿಡಾ ಕಡೀತಾರೇನ್ರಿ?” ಎಂದು ನನ್ನ ತಾಯಿಯೂ ಗದರಿಸಿದ್ದುಂಟು. ಅವರಿಗೆ ತೋರಿಸಲೆಂದೇ ಒಂದು ಗಿಡವನ್ನು ಸವರದೆ ಬಿಟ್ಟಿದ್ದೆ. ಅದು ಎರಡೇ ವರ್ಷಗಳಲ್ಲಿ ಆಳೆತ್ತರ ಬೆಳೆದು, ತುದಿಯಲ್ಲಿ ಬೆರಳ ಗಾತ್ರದ ಎರಡು ಹೂ ಬಿಟ್ಟಿತು. ಅದರ ನಂತರ ಅವರೇ ಕತ್ತರಿ ತಂದುಕೊಡುತ್ತಿದ್ದರು.

ದಖ್ಖಣದ ಹಳೆಯ ಮಾಲಿಗಳು ಸವರುವ ಮೊದಲು ಬುಡದ ಮಣ್ಣನ್ನು ಬಿಡಿಸಿ, ಬೇರುಗಳನ್ನು ಕೆಲವು ದಿನ ಬಿಸಿಲಿಗೆ ಒಡ್ಡುವ ಪದ್ಧತಿಯನ್ನು ಅನುಸರಿಸುತ್ತಿದ್ದರು. ಚಳಿಗಾಲದ ನಿದ್ರೆ ಇಲ್ಲದ ನಮ್ಮ ಹವೆಯಲ್ಲಿ ಗಿಡಕ್ಕೆ ಬಲವಂತದ ವಿಶ್ರಾಂತಿ ಕೊಡುವ ಉಪಾಯವದು. ಹಳೆಯ ನಾಟಿ ಗಿಡಗಳು ಅದನ್ನು ಸಹಿಸುತ್ತಿದ್ದವು. ಇಂದಿನ ಕಸಿ ಗಿಡಗಳಿಗೆ ಅದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚೆಂದು ನನ್ನ ಅಭಿಪ್ರಾಯ.

ಸವರಿದ ಹತ್ತು ದಿನಗಳ ನಂತರ, ಕಣ್ಣುಗಳು ಉಬ್ಬಲು ಆರಂಭಿಸಿದಾಗ, ಗಿಡವೊಂದಕ್ಕೆ ಒಂದು ಬುಟ್ಟಿ ಕಳಿತ ಗೊಬ್ಬರ ಮತ್ತು ಎರಡು ಹಿಡಿ ಬೇವಿನ ಹಿಂಡಿಯನ್ನು ಬುಡದಿಂದ ಗೇಣುದ್ದ ದೂರದಲ್ಲಿ ಮಣ್ಣಿಗೆ ಬೆರೆಸಬೇಕು. ಪುಸ್ತಕಗಳಲ್ಲಿ ಎಲುಬಿನ ಪುಡಿಯನ್ನು ಹೇಳಿರುತ್ತಾರೆ. ಮಠದ ಆವರಣದಲ್ಲಿ ಅದು ಸಲ್ಲದೆಂದು ನಾವು ಬಳಸಿಲ್ಲ. ಅದರ ಬದಲು ಒಂದು ಹಿಡಿ ಸೂಪರ್ ಫಾಸ್ಫೇಟ್ ಹಾಕುತ್ತೇವೆ, ಹೂವಿನಲ್ಲಿ ಯಾವ ಕೊರತೆಯೂ ಕಂಡಿಲ್ಲ. ಶೇಂಗಾ ಹಿಂಡಿಯನ್ನು ನಾಲ್ಕೈದು ದಿನ ನೆನೆಯಿಟ್ಟು, ಹತ್ತು ಪಾಲು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಕೊಡುವುದು ಮೊಗ್ಗಿನ ಕಾಲದಲ್ಲಿ ಬಹಳ ಒಳ್ಳೆಯದು. ನಾತವನ್ನು ಸಹಿಸಿಕೊಳ್ಳಬೇಕು. ಅರೆಗಳಿತ ಸಗಣಿಗೊಬ್ಬರವನ್ನು ಮಾತ್ರ ಎಂದಿಗೂ ಹಾಕಬಾರದು. ಅದರೊಡನೆ ಗೊಣ್ಣೆಹುಳುಗಳು ಬಂದು ಬೇರು ತಿನ್ನುತ್ತವೆ.

ರೋಗಗಳು

ಗುಲಾಬಿಯ ರೋಗಗಳಲ್ಲಿ ನಮ್ಮಲ್ಲಿ ಮುಖ್ಯವಾದವು ಎರಡು, ಮತ್ತು ಅವುಗಳ ಸ್ವಭಾವ ಪರಸ್ಪರ ವಿರುದ್ಧ. ಇದನ್ನು ತಿಳಿಯದೆ ಎರಡಕ್ಕೂ ಒಂದೇ ಔಷಧಿ ಹೊಡೆಯುವವರೇ ಹೆಚ್ಚು.

ಮೊದಲನೆಯದು ಮಳೆಗಾಲದ ಕಪ್ಪುಚುಕ್ಕೆ ರೋಗ. ಕೆಳಗಿನ ಎಲೆಗಳ ಮೇಲೆ ಅಂಚು ಹರಿದಂತಿರುವ ದುಂಡನೆಯ ಕಪ್ಪು ಚುಕ್ಕೆಗಳು ಮೂಡಿ, ಸುತ್ತಲೂ ಹಳದಿಯಾಗಿ ಎಲೆ ಉದುರುತ್ತದೆ. ಶ್ರಾವಣ ಕಳೆಯುವಷ್ಟರಲ್ಲಿ ಗಿಡ ಬೋಳಾಗುತ್ತದೆ. ಈ ಶಿಲೀಂಧ್ರದ ಬೀಜಕಣ ಮೊಳೆತು ಎಲೆಯೊಳಗೆ ನುಗ್ಗಲು ಎಲೆಯು ಸುಮಾರು ಏಳು ತಾಸು ಎಡೆಬಿಡದೆ ತೊಯ್ದಿರಬೇಕು. ಸಂಜೆ ಎಲೆಯ ಮೇಲೆ ನೀರು ಹಾಕಬಾರದೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ. ಸಂಜೆ ತೊಯ್ದ ಎಲೆಯು ಬೆಳಗಿನವರೆಗೂ ಆರುವುದಿಲ್ಲ. ರೋಗದ ಬೀಜಕಣಗಳು ಉದುರಿದ ಎಲೆಗಳಲ್ಲಿ ಉಳಿದು, ಮಳೆಹನಿಯ ಸಿಡಿತದೊಡನೆ ಮತ್ತೆ ಮೇಲೇರುತ್ತವೆ. ಆದುದರಿಂದ ಉದುರಿದ ಎಲೆಗಳನ್ನು ದಿನವೂ ಆರಿಸಿ ದೂರದಲ್ಲಿ ಹೂಳುವುದೇ ಮೊದಲ ಔಷಧ. ನಮ್ಮಲ್ಲಿ ಎಂಟನೆಯ ಇಯತ್ತೆಯ ಮಕ್ಕಳು ಪ್ರಾರ್ಥನೆಯ ಮೊದಲಿನ ಹತ್ತು ನಿಮಿಷದಲ್ಲಿ ಈ ಕೆಲಸ ಮಾಡುತ್ತಾರೆ.

ಎರಡನೆಯ ಔಷಧವೆಂದರೆ ಬೋರ್ಡೋ ದ್ರಾವಣ. ಇದರ ಇತಿಹಾಸವು ಸ್ವಾರಸ್ಯಕರವಾಗಿದೆ. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಹತ್ತದಿರುವುದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿಯು 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದನು. ಕನ್ನಡ ನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಅದನ್ನು ಬಳಕೆಗೆ ತಂದ ಕೀರ್ತಿಯು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ನರಿಗೆ ಸಲ್ಲುತ್ತದೆ. ಶಿರಸಿ ಸಿದ್ದಾಪುರಗಳ ಕಡೆಯ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಬೇಕಾಗಿಲ್ಲ; ಅವರೇ ನಮಗೆ ಕಲಿಸುವರು.

ಮನೆಯ ಮಟ್ಟಕ್ಕೆ 100 ಗ್ರಾಂ ಮೈಲುತುತ್ತವನ್ನು ಐದು ಲೀಟರು ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನೈದು ಲೀಟರು ನೀರಿನಲ್ಲಿ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಗಳಲ್ಲಿ ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಕಲಕುತ್ತ ಸುರಿಯಬೇಕು. ಉಜ್ಜಿದ ಕಬ್ಬಿಣದ ಚೂರಿಯನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಅಂಟಿದ್ದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಅಂದೇ ತಯಾರಿಸಿ ಅಂದೇ ಬಳಸಬೇಕು. ಮಳೆ ಹಿಡಿಯುವ ಮೊದಲೊಮ್ಮೆ, ನಂತರ ಮಳೆ ಬಿಡುವು ಕೊಟ್ಟಾಗಲೆಲ್ಲ ಹದಿನೈದು ದಿನಕ್ಕೊಮ್ಮೆ ಸಿಂಪಡಿಸಿದರೆ ಸಾಕು. ಒಂಬತ್ತನೆಯ ಇಯತ್ತೆಯ ರಸಾಯನಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ. ಇದೇ ಸಾಮಗ್ರಿಗಳನ್ನು ತಲಾ 100 ಗ್ರಾಮಿನಂತೆ ಒಂದೇ ಲೀಟರು ನೀರಿನಲ್ಲಿ ಕಲಸಿದರೆ ಬೋರ್ಡೋ ಮುಲಾಮು. ಸವರಿದ ಕೂಡಲೆ ಪ್ರತಿಯೊಂದು ಗಾಯಕ್ಕೂ ಅದನ್ನು ಬಳಿಯಬೇಕು. ಹಾಗೆ ಮಾಡದಿದ್ದಲ್ಲಿ ಟೊಂಗೆಯು ತುದಿಯಿಂದ ಕಪ್ಪಾಗುತ್ತ ಕೆಳಗಿಳಿಯುತ್ತದೆ. ಹಾಗೆ ಒಣಗತೊಡಗಿದ ಟೊಂಗೆಯನ್ನು ಒಳಗಿನ ತಿರುಳು ಬೆಳ್ಳಗೆ ಕಾಣುವವರೆಗೂ ಕತ್ತರಿಸಿ ಹಾಕುವುದೊಂದೇ ಉಪಾಯ.

ಇನ್ನೊಂದು ರೋಗವು ಚಳಿಗಾಲದ್ದು: ಬೂದಿ ರೋಗ. ಹಗಲು ಒಣಹವೆ, ರಾತ್ರಿ ತಂಪು ಇರುವ ನವೆಂಬರದಿಂದ ಫೆಬ್ರುವರಿಯವರೆಗೆ ಎಳೆಯ ಎಲೆಗಳೂ ಮೊಗ್ಗಿನ ಕತ್ತೂ ಹಿಟ್ಟು ಚೆಲ್ಲಿದಂತೆ ಬೆಳ್ಳಗಾಗಿ ಮುರುಟುತ್ತವೆ. ಇದಕ್ಕೆ ಎಲೆ ತೋಯಬೇಕೆಂದಿಲ್ಲ. ಎಲೆಯ ಮೇಲಿನ ನೀರು ಇದಕ್ಕೆ ಶತ್ರುವೇ ಆಗಿದೆ. ಬೆಳಿಗ್ಗೆ ಬಿಸಿಲು ಏರುವ ಮೊದಲು ಎಲೆಗಳನ್ನು ನೀರಿನಿಂದ ತೊಳೆಯುವುದರಿಂದಲೇ ಎಷ್ಟೋ ಹತೋಟಿಗೆ ಬರುವುದು. ಮೀರಿದರೆ ಒಂದು ಲೀಟರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕ. ಬಿಸಿಲು ಕಾಯುವ ಬೇಸಿಗೆಯಲ್ಲಿ ಗಂಧಕ ಹೊಡೆದರೆ ಎಲೆ ಸುಡುತ್ತದೆಂಬುದನ್ನು ಮರೆಯಬಾರದು.

ಹುಳುಗಳು ಮತ್ತು ವಿಷ

ಮಾರ್ಚ್ ತಿಂಗಳಿನಿಂದ ಮೊಗ್ಗುಗಳು ಅರಳದೆ ಅಂಚು ಕಂದಿ ಸುಟ್ಟಂತಾಗುವುದಕ್ಕೆ ಥ್ರಿಪ್ಸ್ ನುಸಿ ಕಾರಣ. ಕುಂದಗೋಳ, ಹುಬ್ಬಳ್ಳಿ ತಾಲೂಕುಗಳ ಬ್ಯಾಡಗಿ ಮೆಣಸಿನಕಾಯಿ ಬೆಳೆಗಾರರು ಇದನ್ನು ಚೆನ್ನಾಗಿ ಬಲ್ಲರು; ಮೆಣಸಿನ ಎಲೆಗೆ ಮುಟುರು ತರುವ ಆ ನುಸಿಯೇ ಗುಲಾಬಿಯನ್ನೂ ಕಾಡುತ್ತದೆ. ಲೀಟರಿಗೆ 5 ಮಿಲಿಲೀಟರು ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನ ನೀರಿನೊಡನೆ ಕಲಸಿ ವಾರಕ್ಕೊಮ್ಮೆ ಸಂಜೆ ಹೊಡೆಯಬೇಕು. ಹಾಳಾದ ಮೊಗ್ಗುಗಳನ್ನು ಕಿತ್ತು ಹಾಕಬೇಕು. ಎಳೆಚಿಗುರಿಗೆ ಮುತ್ತುವ ಹೇನುಗಳನ್ನು ನೀರಿನ ರಭಸದಿಂದಲೇ ಉರುಳಿಸಬಹುದು. ಕೆಂಪು ಮೈಯ, ಕಪ್ಪು ಚುಕ್ಕೆಯ ಗುಲಗಂಜಿ ಹುಳು ಕಂಡರೆ ಅದನ್ನು ಮುಟ್ಟಬಾರದು. ಅದು ಹೇನುಗಳನ್ನು ತಿಂದು ಬದುಕುತ್ತದೆ. ಹಳೆಯ ಕಾಂಡಕ್ಕೆ ಹುಣ್ಣಿನ ಹಕ್ಕಳೆಯಂತೆ ಅಂಟಿಕೊಂಡಿರುವ ಶಲ್ಕ ಕೀಟವನ್ನು ಹಲ್ಲುಜ್ಜುವ ಹಳೆಯ ಬ್ರಶ್ಶಿಗೆ ಸಾಬೂನಿನ ನೀರು ತಾಗಿಸಿ ಉಜ್ಜಿ ತೆಗೆಯಬೇಕು. ಎಲೆಯ ಅಂಚಿನಲ್ಲಿ ಪೈಸೆಯಷ್ಟು ದುಂಡಗೆ, ಕತ್ತರಿಸಿ ತೆಗೆದಂತೆ ತೂತುಗಳು ಕಂಡರೆ ಗಾಬರಿಯಾಗಬೇಕಾಗಿಲ್ಲ. ಒಂದು ಜಾತಿಯ ಜೇನ್ನೊಣವು ತನ್ನ ಗೂಡು ಕಟ್ಟಲು ಒಯ್ದ ಎಲೆಚೂರುಗಳವು. ಗಿಡಕ್ಕೆ ಏನೂ ಹಾನಿಯಿಲ್ಲ. ನಾಲ್ಕು ಎಲೆಗಳನ್ನು ಅದಕ್ಕೆ ಬಿಟ್ಟುಕೊಡಬಹುದು.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕಾಗಿದೆ. ಒಂದು ಕಾಲದಲ್ಲಿ ನಾವೆಲ್ಲರೂ ಗೆದ್ದಲಿಗೆಂದು ಗುಲಾಬಿಯ ಬುಡಕ್ಕೆ ಬಿ.ಎಚ್.ಸಿ. ಪುಡಿಯನ್ನು ಬರಿಗೈಯಿಂದ ಉದುರಿಸಿದವರೇ. ಅದನ್ನು 1997ರಲ್ಲಿ ನಿಷೇಧಿಸಲಾಯಿತು. ಅಂಗಡಿಯಲ್ಲಿ ಕೇಳಿದಾಗ ಕೊಡುತ್ತಿದ್ದ ಎಂಡೋಸಲ್ಫಾನ್ ಏನು ಮಾಡಿತೆಂಬುದನ್ನು ತಿಳಿಯಲು ಕಾಸರಗೋಡಿನ ನಮ್ಮ ಕನ್ನಡ ಬಂಧುಗಳ ಹಳ್ಳಿಗಳನ್ನು ನೆನೆದರೆ ಸಾಕು. ಗೇರು ತೋಪುಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಆ ವಿಷದ ನೋವನ್ನು ಅಲ್ಲಿಯ ಕುಟುಂಬಗಳು ಇಂದಿಗೂ ಉಣ್ಣುತ್ತಿವೆ. ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ಅದಕ್ಕೆ ತಡೆಯೊಡ್ಡಿತು. ಗುಲಾಬಿಯ ಎಸಳನ್ನು ಬಾಯಿಗೆ ಹಾಕಿಕೊಳ್ಳದ ಮಗುವನ್ನು ನಾನು ನೋಡಿಲ್ಲ. ಪೂಜೆಗೆಂದು ಕೊಯ್ದ ಹೂವು ಅಂಗೈಯಲ್ಲಿರುತ್ತದೆ, ಮುಡಿಯಲ್ಲಿರುತ್ತದೆ, ಗುಲ್ಕಂದವಾಗಿ ಹೊಟ್ಟೆಗೂ ಹೋಗುತ್ತದೆ. ಆದುದರಿಂದ ನಮ್ಮ ಶಾಲೆಯ ಉಗ್ರಾಣದಲ್ಲಿ ಬೇವಿನ ಎಣ್ಣೆ, ಗಂಧಕ, ಮೈಲುತುತ್ತ, ಸುಣ್ಣಗಳನ್ನು ಬಿಟ್ಟು ಬೇರೆ ಸಿಂಪರಣೆಯ ಸಾಮಗ್ರಿಯನ್ನು ಇಡುವುದಿಲ್ಲ. ಇವುಗಳನ್ನೂ ಬೀಗದಲ್ಲಿಯೇ ಇಡುತ್ತೇವೆ. ಸಿಂಪಡಿಸಿದ ಮಡಿಗೆ ಆ ವಾರ ಕೆಂಪು ಬಟ್ಟೆಯನ್ನು ಕಟ್ಟುತ್ತೇವೆ. ಇದರಿಂದಾಗಿ ವರ್ಷಕ್ಕೆ ಒಂದೆರಡು ಗಿಡ ಕಳೆದುಕೊಂಡರೂ ಚಿಂತೆಯಿಲ್ಲ.

ದಾನಿಗಳಲ್ಲಿ ಒಂದು ವಿಜ್ಞಾಪನೆ

ಮೊದಲು ಹೇಳಿದ 60 ಗಿಡಗಳ ದಾನಿಗಳಿಗೆ ಮರುವರ್ಷ ಪತ್ರ ಬರೆದು ನಡೆದದ್ದನ್ನೆಲ್ಲ ತಿಳಿಸಿದೆನು; ತಪ್ಪು ನನ್ನದೆಂದೂ ಒಪ್ಪಿಕೊಂಡೆನು. ಸಿಟ್ಟಾಗಬಹುದೆಂದು ಅಂಜಿದ್ದೆ. ಅವರಲ್ಲೊಬ್ಬರು ಉತ್ತರವನ್ನೇ ಬರೆಯದೆ, ಕಲಘಟಗಿಯ ಕಡೆಯಿಂದ ಮೂರು ಟ್ರ್ಯಾಕ್ಟರ್ ಕೆಂಪು ಮಣ್ಣನ್ನು ಕಳಿಸಿಬಿಟ್ಟರು. ಇಂದು ತಾವು ನೋಡುವ ಎತ್ತರದ ಮಡಿಗಳು ಆ ಮಣ್ಣಿನವು. ಗಿಡಗಳನ್ನು ಕೊಡಲು ಮುಂದೆ ಬರುವವರು ಅನೇಕರಿದ್ದಾರೆ. ಅವರ ಔದಾರ್ಯಕ್ಕೆ ನಾವು ಋಣಿಗಳು. ಆದರೆ ಮಣ್ಣು, ಕಳಿತ ಗೊಬ್ಬರ, ಒಂದು ಒಳ್ಳೆಯ ಕತ್ತರಿ, ಮಾಲಿಯ ಒಂದು ತಿಂಗಳ ಸಂಬಳ, ಇವನ್ನು ಕೊಡುವವರು ವಿರಳ. ಇವುಗಳ ಮೇಲೆ ಹೆಸರಿನ ಪಟ್ಟಿ ಹಾಕಲು ಬರುವುದಿಲ್ಲವೆಂಬುದು ನಿಜ.

ಆ ಮುದುಕ ಮಾಲಿ ಈಗಿಲ್ಲ. ಉಳಿದ 19 ಗಿಡಗಳಲ್ಲಿ ಏಳು ಇನ್ನೂ ಬದುಕಿವೆ. ಅವು ಗೇಟಿನ ಪಕ್ಕದ ಇಳಿಜಾರಿನಲ್ಲಿದ್ದವು, ನೀರು ನಿಲ್ಲದ ಜಾಗ. ಅದನ್ನು ಅಂದೇ ಗಮನಿಸಬೇಕಾಗಿತ್ತು. ಈ ಸಲದ ಚಿತ್ತಾ ಮಳೆಯಲ್ಲಿ ಒಂಬತ್ತನೆಯ ಇಯತ್ತೆಯವರು ಆ ಏಳರಲ್ಲಿ ಐದನ್ನು ಸವರುವರು, ಎರಡನ್ನು ಹಾಗೆಯೇ ಬಿಡುವರು. ಡಿಸೆಂಬರಿನಲ್ಲಿ ಎರಡೂ ಬಗೆಯ ಹೂಗಳನ್ನು ಎಣಿಸಿ, ಅಳೆದು, ವಿಜ್ಞಾನ ಕೊಠಡಿಯ ಗೋಡೆಗೆ ಬರೆದು ಹಚ್ಚುವರು. ಸ್ನೇಹ ಸಮ್ಮೇಳನಕ್ಕೆ ಬರುವ ಹಳೆಯ ವಿದ್ಯಾರ್ಥಿಗಳು ಕತ್ತರಿ ತಂದರೆ ಅವರಿಗೂ ಕೆಲಸವಿದೆ.